ಕಿರುಬೆರಳಿನಷ್ಟು ಸಂದು

ಮುಳಬಾಗಿಲಿನ ಹಳೇ ರಸ್ತೆಯ ಮಗ್ಗುಲಿನ ಆ ಟೈರ್ ಅಂಗಡಿಗೆ ಈಗ ಅವರು ಬರುವುದಿಲ್ಲ. ಅಂಗಡಿಯೇನೋ ನಡೆಯುತ್ತಿದೆ, ಮಗಳು ನೋಡಿಕೊಳ್ಳುತ್ತಾಳೆ. ಕಂಪ್ಯೂಟರ್ ಇಟ್ಟುಕೊಂಡು ಚಕ್ರದ ಅಲೈನ್‌ಮೆಂಟ್ ಮಾಡುವುದರಲ್ಲಿ ಅವಳಷ್ಟು ಚುರುಕಾದವರು ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಸಿಗಲಾರರು. ಆದರೆ ಬಾಗಿಲ ಪಕ್ಕ ಲಾರಿ ಟೈರಿನ ಮೇಲೆ ಕೂತು, ಬಂದ ಗಿರಾಕಿಯ ಮುಖ ನೋಡುವ ಮೊದಲು ಅವನ ಗಾಡಿಯ ಚಕ್ರ ನೋಡುತ್ತಿದ್ದ ಆ ಮನುಷ್ಯ ಅಲ್ಲಿಲ್ಲ. ಹೋದ ವರ್ಷ ಅವರು ಕೆಲಸ ಬಿಟ್ಟರು. ಯಾಕೆ ಬಿಟ್ಟರು ಅಂದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಕ್ಕರೆ ಕಾಯಿಲೆ ಅನ್ನುವವರಿದ್ದಾರೆ, ವಯಸ್ಸಾಯಿತು ಅನ್ನುವವರಿದ್ದಾರೆ, ಯಲ್ದೂರಿನವರ ಗಾಡಿ ಮರಕ್ಕೆ ಗುದ್ದಿದ ಮೇಲೆ ಮನಸ್ಸು ಮುರಿಯಿತು ಅನ್ನುವವರೂ ಇದ್ದಾರೆ. ಯಾವುದೂ ಸುಳ್ಳಲ್ಲ. ಆದರೆ ಅವರ ಕೈ ಕೆಡುತ್ತಿದೆ ಎಂದು ಅವರಿಗಿಂತ ಮೊದಲು ಗೊತ್ತಾಗಿದ್ದು ನನಗೆ. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡು ಇದ್ದವನೂ ನಾನೇ. ಅದನ್ನು ಬಿಟ್ಟು ಅವರ ಬಗ್ಗೆ ನಾನು ಏನು ಬರೆದರೂ ಅದು ಬರೀ ಹೊಗಳಿಕೆಯಾಗುತ್ತದೆ. ಹೊಗಳಿಕೆ ಅವರಿಗೆ ಯಾವತ್ತೂ ಹಿಡಿಸಲಿಲ್ಲ.

ಮೊದಲು ನನ್ನ ವಿಷಯ ಒಂದಿಷ್ಟು ಹೇಳಬೇಕು. ನಾನು ಕೋಲಾರದಲ್ಲಿ ಹಲ್ಲಿನ ಡಾಕ್ಟರು. ಮಂಗಳವಾರ ಮಾತ್ರ ಮಾಲೂರಿನಲ್ಲಿ ಕೂರುತ್ತೇನೆ. ಕೂರುತ್ತೇನೆ ಅನ್ನುವುದು ಮಾತಿಗೆ, ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ರೋಗಿ ಬಾಯಿ ತೆರೆದುಕೊಂಡಿದ್ದರೆ ನನ್ನ ತಲೆ ಎಲ್ಲೋ ಹೆದ್ದಾರಿಯ ಮೇಲೆ ಓಡುತ್ತಿರುತ್ತದೆ. ನಲವತ್ತು ದಾಟಿದ ಮೇಲೆ ಈ ಚಡಪಡಿಕೆ ಇನ್ನೂ ಹೆಚ್ಚಾಗಿ, ಒಂದು ದಿನ ಬೆಂಗಳೂರಿಗೆ ಹೋದವನು ಹನ್ನೆರಡು ವರ್ಷ ಹಳೆಯ ಒಂದು ಸ್ಪೋರ್ಟ್ಸ್ ಕಾರು ತಂದುಬಿಟ್ಟೆ. ನೀಲಿ ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ನಡೆಯುವ ಗಾಡಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನ್ನ ಹೆಂಡತಿ ಅದರ ಹಿಂದಿನ ಸೀಟು ನೋಡಿ, ಇಲ್ಲಿ ಎರಡು ಕಟ್ಟು ಕೊತ್ತಂಬರಿ ಕೂರಬಹುದು, ಅದೂ ಮಲಗಿಸಿದರೆ, ಅಂದಳು. ಮಾಲೂರಿನ ಇಟ್ಟಿಗೆ ಲಾರಿಗಳ ಕೆಂಪು ಧೂಳು ಕುಡಿದು ಅದು ವಾರಕ್ಕೊಮ್ಮೆ ಬಣ್ಣ ಬದಲಿಸುತ್ತಿತ್ತು. ಆದರೂ ಅದನ್ನು ಕಂಡರೆ ನನಗೆ ಪ್ರಾಣ.

ಆ ಗಾಡಿಗೆ ಕಂಪನಿ ಕೊಟ್ಟಿದ್ದು ಹದಿನಾರು ಇಂಚಿನ ಚಕ್ರ. ತಂದ ಒಂದೇ ವಾರಕ್ಕೆ ಅದು ನನ್ನ ಕಣ್ಣಿಗೆ ಸಣ್ಣದಾಗಿ ಕಾಣತೊಡಗಿತು. ಒಬ್ಬ ರೋಗಿ ಎದ್ದು ಇನ್ನೊಬ್ಬರು ಬರುವುದರೊಳಗೆ ಫೋನಿನಲ್ಲಿ ಅಲಾಯ್ ಚಕ್ರಗಳ ಚಿತ್ರ ನೋಡುವುದು, ಕಪ್ಪು ಚೆನ್ನಾಗಿದೆಯೋ ಬೆಳ್ಳಿ ಬಣ್ಣ ಚೆನ್ನಾಗಿದೆಯೋ, ಐದು ಕಡ್ಡಿಯದೋ ಹತ್ತು ಕಡ್ಡಿಯದೋ ಎಂದು ಒದ್ದಾಡುವುದು. ಬೆಳಿಗ್ಗೆ ತೀರ್ಮಾನ ಮಾಡಿದ್ದು ಮಧ್ಯಾಹ್ನಕ್ಕೆ ಬೇಡವಾಗುತ್ತಿತ್ತು. ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ ಟ್ಯಾಕ್ಸಿ ಡ್ರೈವರೊಬ್ಬರು ನನ್ನ ಅವಸ್ಥೆ ನೋಡಿ, ಬಾಯಿಗೆ ಹತ್ತಿ ಇಟ್ಟುಕೊಂಡೇ, ಮುಳಬಾಗಿಲಿನ ಈ ಅಂಗಡಿಯ ಗುರುತು ಹೇಳಿದರು. ಅಲ್ಲಿನ ಮಾಲೀಕರು ಬೆರಳು ಇಟ್ಟು ಹೇಳಿದರೆ ಮುಗಿಯಿತು, ಅದೇ ಸೈಜು, ಅಂದರು.

ಹತ್ತೊಂಬತ್ತು ಇಂಚಿನ ಕಪ್ಪು ಚಕ್ರದ ಚಿತ್ರ ಹಿಡಿದುಕೊಂಡು ಒಂದು ಭಾನುವಾರ ಹೋದೆ. ಅವರು ಫೋನಿನ ಕಡೆ ನೋಡಲೇ ಇಲ್ಲ. ನನ್ನ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಮೈಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಆಡಿಸಿದರು. ನಾಲ್ಕು ಚಕ್ರಕ್ಕೂ ಹಾಗೇ ಮಾಡಿದರು. ಎದ್ದು ಲುಂಗಿ ಕೊಡವಿಕೊಂಡು, ನಾನು ತಿರುವಿನಲ್ಲಿ ಅವಸರ ಮಾಡುತ್ತೇನೆ, ರಸ್ತೆ ಉಬ್ಬಿನ ಹತ್ತಿರ ಬಂದ ಮೇಲೇ ಬ್ರೇಕ್ ನೆನಪಾಗುತ್ತದೆ, ಎಡಗಡೆ ಮುಂದಿನ ಚಕ್ರ ಈಚೆಗೆ ಯಾವುದೋ ಗುಂಡಿಗೆ ಬಿದ್ದಿದೆ, ಎಂದು ಒಂದೊಂದಾಗಿ ಹೇಳಿದರು. ಮೂರೂ ನಿಜ. ನಾನು ನನ್ನ ರೋಗಿಗಳ ಬಾಯಿ ನೋಡಿ ಅವರ ಚಟ ಹೇಳುತ್ತೇನೆ, ಅವರು ತಬ್ಬಿಬ್ಬಾಗುತ್ತಾರೆ. ಅವತ್ತು ತಬ್ಬಿಬ್ಬಾಗುವ ಸರದಿ ನನ್ನದಾಗಿತ್ತು.

ಆಮೇಲೆ ಪಕ್ಕದ ಸೀಟಿನಲ್ಲಿ ಕೂತು, ನಡೀರಿ, ನೀವು ದಿನಾ ಓಡಿಸೋ ಹಂಗೇ ಓಡಿಸಿ, ಅಂದರು. ಊರೊಳಗೆ ಒಂದು ಸುತ್ತು, ನಂಗಲಿ ಕಡೆಗೆ ಒಂದಿಷ್ಟು ದೂರ, ವಾಪಸ್ಸು. ಗಾಡಿಯ ಹೊಟ್ಟೆ ಉಬ್ಬಿಗೆ ಉಜ್ಜಿದಾಗಲೆಲ್ಲ ಒಂದು ಬೆರಳು ಮಡಿಸುತ್ತಿದ್ದರು. ಅಂಗಡಿಗೆ ಬರುವ ಹೊತ್ತಿಗೆ ಎಂಟು ಬೆರಳು ಮಡಿಸಿಯಾಗಿತ್ತು.

"ಹತ್ತೊಂಬತ್ತು ವದ್ದು ಸಾರ್," ಅಂದರು. ಬೇಡ ಅನ್ನುವುದನ್ನು ಅವರು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದರು. "ಗಾಲಿ ಒಟ್ಟು ಎತ್ತರ ಕಂಪನಿಯವ್ರು ಕೊಟ್ಟಷ್ಟೇ ಇರ್ಬೇಕು. ರಿಮ್ ದೊಡ್ಡದಾದ್ರೆ ರಬ್ಬರ್ ತೆಳ್ಳಗಾಗ್ಬೇಕು. ರಬ್ಬರ್ ತೆಳ್ಳಗಾದ್ರೆ ನಮ್ ರೋಡಲ್ಲಿ ಏಟು ಯಾರಿಗೆ? ಮೊದ್ಲು ರಿಮ್‌ಗೆ, ಆಮೇಲೆ ನಿಮ್ ಸೊಂಟಕ್ಕೆ."

ಟೈರಿನ ಪಕ್ಕೆಯ ಮೇಲೆ ಬರೆದ ಅಂಕಿಗಳನ್ನು ಓದಲು ಕಲಿಸಿದ್ದೂ ಅವರೇ. ಮೊದಲನೆಯದು ಟೈರಿನ ಅಗಲ. ಎರಡನೆಯದು ಆ ಅಗಲಕ್ಕೆ ನೂರಕ್ಕೆ ಎಷ್ಟರಂತೆ ಪಕ್ಕೆಯ ಎತ್ತರ. ಮೂರನೆಯದು ರಿಮ್ಮಿನ ಇಂಚು. ನನ್ನದು ಇನ್ನೂರೈದು, ಐವತ್ತೈದು, ಹದಿನಾರು. ಅದಕ್ಕೆ ಬದಲಾಗಿ ಇನ್ನೂರಿಪ್ಪತ್ತೈದು, ನಲವತ್ತೈದು, ಹದಿನೇಳು ಹಾಕಿದರೆ ಗಾಲಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಇದನ್ನು ಅವರು ಕಾಗದ ಪೆನ್ನು ಇಲ್ಲದೆ, ಟೀ ಕುಡಿಯುತ್ತಾ ಹೇಳಿದರು. ನಾನು ಫೋನಿನ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಎರಡು ಮಿಲಿಮೀಟರಿನಷ್ಟು ವ್ಯತ್ಯಾಸ ಬಂತು.

ಅವತ್ತು ನನಗೆ ಏನೂ ಮಾರಲಿಲ್ಲ. ಅದು ಅವರ ಪದ್ಧತಿ. ಚಕ್ರ ಬದಲಿಸುವವರು ಮೂರು ಸಲ ಬರಬೇಕು. ಮೊದಲ ಸಲ ಗಾಡಿ ಓಡಿಸಿ ತೋರಿಸಬೇಕು, ಎರಡನೇ ಸಲ ಟೈರ್ ಆರಿಸಬೇಕು, ಮೂರನೇ ಸಲ ರಿಮ್. ಎಲ್ಲರೂ ರಿಮ್ಮಿನ ಅಂದ ನೋಡಿ ಬರುತ್ತಾರೆ, ಚಪ್ಪಲಿ ಕೊಂಡು ಆಮೇಲೆ ಕಾಲು ಹುಡುಕಿದ ಹಾಗೆ, ಎಂದು ಗೊಣಗುತ್ತಿದ್ದರು. ತಾಳ್ಮೆಯಿಲ್ಲದವರು ರೇಗಿದರೆ, ಬೇರೆ ಅಂಗಡಿಯ ವಿಳಾಸ ಕೊಟ್ಟು, ಆ ಅಂಗಡಿಯವರಿಗೆ ತಾವೇ ಫೋನ್ ಮಾಡಿ, ಇಂಥ ಗಾಡಿ ಬರುತ್ತಿದೆ, ಇಂಥ ಸೈಜು ಮಾತ್ರ ಹಾಕಬೇಡಿ, ಎಂದು ಹೇಳುತ್ತಿದ್ದರು. ಗಿರಾಕಿ ಕಳೆದುಕೊಂಡರೂ ಚಿಂತೆಯಿಲ್ಲ, ಗಾಡಿ ಕೆಡಬಾರದು. ನನ್ನೊಂದಿಗೆ ಕನ್ನಡ, ಲಾರಿ ಡ್ರೈವರುಗಳೊಂದಿಗೆ ತೆಲುಗು, ಮಗಳೊಂದಿಗೆ ಮನೆಮಾತಾದ ದಖ್ನಿ ಉರ್ದು. ಸವೆದು ಬಂದ ಟೈರಿನೊಂದಿಗೂ ದಖ್ನಿಯಲ್ಲೇ ಮಾತು, ಅದಂತೂ ಬರೀ ಬೈಗುಳ.

ಅವರ ಹೆಸರು ಚಿಂತಾಮಣಿಯವರೆಗೆ ಹರಡಿದ್ದಕ್ಕೆ ಕಾರಣ ಮಾತ್ರ ಅವರ ಬಲಗೈಯ ಕಿರುಬೆರಳು. ಅಂಗಡಿಯಲ್ಲಿ ಬೇರೆ ಬೇರೆ ಅಳತೆಯ ಹಳೆಯ ಚಕ್ರಗಳನ್ನು ಗೋಡೆಗೆ ನೇತುಹಾಕಿದ್ದರು. ಅದರಲ್ಲಿ ಒಂದನ್ನು ಗಾಡಿಯ ಮುಂದಿನ ಎಡಗಡೆಗೆ ಹಾಕಿ, ಜಾಕ್ ಇಳಿಸಿ, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಲು ಹೇಳುತ್ತಿದ್ದರು. ಆಮೇಲೆ ಮಂಡಿಯೂರಿ, ಟೈರಿನ ಒಳಪಕ್ಕೆಗೂ ಅದರ ಹಿಂದೆ ಇರುವ ಶಾಕ್ ಅಬ್ಸಾರ್ಬರಿನ ಕಂಬಕ್ಕೂ ನಡುವಿನ ಸಂದಿನಲ್ಲಿ ಕಿರುಬೆರಳು ತೂರಿಸಿ ಕಣ್ಣು ಮುಚ್ಚುತ್ತಿದ್ದರು. ಬೆರಳು ಸಲೀಸಾಗಿ ಹೋಗಿ ಬಂದರೆ ಆ ಸೈಜು ಆಗುತ್ತದೆ. ಬಿಗಿಯಾದರೆ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಸಂದು ಕಡಿಮೆಯಾದರೆ ಓಡುವಾಗ ಟೈರು ಒಳಗಡೆ ಉಜ್ಜುತ್ತಾ ಹೋಗುತ್ತದೆ, ಹೊರಗೆ ನಿಂತವರಿಗೆ ಏನೂ ಕಾಣುವುದಿಲ್ಲ, ಒಂದು ದಿನ ಢಮ್ಮನೆ ಒಡೆಯುತ್ತದೆ. ಅವರು ಕಣ್ಣು ಮುಚ್ಚಿದಾಗ ಅಂಗಡಿಯಲ್ಲಿ ಇದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಮಗಳು ಸ್ಟೀಲ್ ಅಳತೆಪಟ್ಟಿ ಹಿಡಿದುಕೊಂಡು ಬಂದರೆ, ಅದನ್ನ ನೀನಿಟ್ಕೋ, ಅನ್ನುತ್ತಿದ್ದರು.

ಮೂರನೇ ಸಲ ಹೋದಾಗ ಹದಿನೇಳು ಇಂಚಿನದನ್ನು ಹಾಕಿಕೊಟ್ಟರು. ಗಾಡಿ ಎಷ್ಟು ಹಗುರಾಗಿ ಓಡಿತೆಂದರೆ ನಾನು ಕೋಲಾರಕ್ಕೆ ಹೋಗುವ ಬದಲು ಶ್ರೀನಿವಾಸಪುರದ ಕಡೆ ತಿರುಗಿಸಿ, ಮಾವಿನ ತೋಪುಗಳ ನಡುವೆ ಸುಮ್ಮನೆ ಸುತ್ತಾಡಿ ಮನೆ ಸೇರಿದೆ. ಆದರೆ ನನ್ನ ತಲೆ ಎಷ್ಟು ದಿನ ಒಂದು ಕಡೆ ನಿಲ್ಲುತ್ತದೆ? ಆರು ತಿಂಗಳಿಗೆ ವಿನ್ಯಾಸ ಹಳೆಯದಾಯಿತು. ಅದನ್ನು ಮಾರಿ ಇನ್ನೊಂದು ಜೊತೆ ಹಾಕಿಸಿದೆ. ಮತ್ತೆ ಭಾನುವಾರ ಬಂದರೆ ಗಾಳಿ ಹಿಡಿಸುವ ನೆಪ, ಬ್ಯಾಲೆನ್ಸ್ ನೋಡಿಸುವ ನೆಪ. ನೆಪಗಳೆಲ್ಲ ಮುಗಿದ ಒಂದು ದಿನ ಅವರು ನಕ್ಕು, "ನಿಮ್ಗೆ ಚಕ್ರ ಬೇಕಾಗಿಲ್ಲ ಡಾಕ್ಟ್ರೇ, ಮನೇಲಿ ಕೂರೋಕಾಗಲ್ಲ, ಅಷ್ಟೇ. ಸುಮ್ನೆ ಬನ್ನಿ, ಟೀ ಕುಡಿದು ಹೋಗಿ," ಅಂದರು. ನನ್ನನ್ನು ಅಷ್ಟು ಸರಿಯಾಗಿ ನೋಡಿದವರು ಇನ್ನೊಬ್ಬರಿಲ್ಲ. ಅವರ ಪಕ್ಕ ಇನ್ನೊಂದು ಟೈರ್ ಎಳೆದುಕೊಂಡು ಕೂತರೆ ಒಂದು ಗಂಟೆಯ ಮಟ್ಟಿಗಾದರೂ ನನ್ನ ಕಾಲು ಕುಣಿಯುವುದು ನಿಲ್ಲುತ್ತಿತ್ತು.

ಎರಡು ವರ್ಷ ಹೀಗೇ ಕಳೆದ ಮೇಲೆ, ಅವರು ನನ್ನ ಕ್ಲಿನಿಕ್ಕಿಗೆ ಬಂದರು. ಮುಂದಿನ ಹಲ್ಲು ಅಲುಗಾಡುತ್ತಿತ್ತು. ಕುರ್ಚಿಯಲ್ಲಿ ಮಲಗಿಸಿ ನೋಡಿದರೆ ವಸಡೆಲ್ಲ ಊದಿ ಹಲ್ಲು ಬಿಟ್ಟುಕೊಂಡಿತ್ತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಬಾಯಿ ಹೇಗಿರುತ್ತದೆ ಎಂಬುದು ನನಗೆ ಪುಸ್ತಕ ನೋಡದೆ ಗೊತ್ತು. ಪರೀಕ್ಷೆ ಮಾಡಿಸಿದ್ದೀರಾ ಎಂದರೆ, ಯಾವಾಗಲೋ ಮಾಡಿಸಿದ್ದೆ, ಸ್ವಲ್ಪ ಇದೆ ಅಂದ್ರು, ಎಂದು ತೇಲಿಸಿದರು. ಬಾಯಿ ಮುಕ್ಕಳಿಸಲು ಲೋಟ ಹಿಡಿದಾಗ ಅವರ ಬಲಗೈ ಕಣ್ಣಿಗೆ ಬಿತ್ತು. ಉಂಗುರದ ಬೆರಳು, ಕಿರುಬೆರಳು ಎರಡರ ತುದಿಯಲ್ಲೂ ಸುಟ್ಟ ಬೊಬ್ಬೆ ಒಡೆದು ಒಣಗಿತ್ತು. ಇದೇನು ಎಂದು ಕೇಳಿದೆ. ಅವರು ತಾವೂ ಈಗಷ್ಟೇ ನೋಡಿದವರ ಹಾಗೆ ಬೆರಳನ್ನು ತಿರುಗಿಸಿ ನೋಡಿಕೊಂಡರು. ಬ್ರೇಕ್ ಡ್ರಮ್ಮು ಬಿಸಿ ಇತ್ತೇನೋ, ಯಾವಾಗ ಆಯ್ತೋ ಗೊತ್ತಿಲ್ಲ, ಅಂದರು.

ಸುಟ್ಟಿದ್ದು ಗೊತ್ತಾಗದ ಬೆರಳು. ಡಾಕ್ಟರಾದವನಿಗೆ ಅಲ್ಲಿಗೇ ಎಲ್ಲ ತಿಳಿಯಬೇಕು, ತಿಳಿಯಿತು ಕೂಡ. ನಾನು ರಕ್ತ ಪರೀಕ್ಷೆಗೆ ಚೀಟಿ ಬರೆದು ಕೊಟ್ಟೆ, ಫಿಜಿಷಿಯನ್ ಒಬ್ಬರ ಹೆಸರು ಹೇಳಿದೆ. ಅವರು ಚೀಟಿ ಮಡಿಸಿ ಜೇಬಿಗಿಟ್ಟು, ಹಲ್ಲು ಉಳಿಯುತ್ತಾ ಎಂದು ಕೇಳಿದರು. ಬೆರಳಿನ ಸ್ಪರ್ಶ ಹೋಗುತ್ತಿದೆ, ಇನ್ನು ಮುಂದೆ ಅದನ್ನು ನಂಬಬೇಡಿ, ಎಂಬ ಒಂದು ಮಾತು ಮಾತ್ರ ನಾನು ಹೇಳಲಿಲ್ಲ. ಹೇಳುವುದು ಫಿಜಿಷಿಯನ್ ಕೆಲಸ ಅಂದುಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ನನಗೆ ಹದಿನೆಂಟು ಇಂಚಿನ ಚಕ್ರದ ಹುಚ್ಚು ಹಿಡಿಯಿತು. ನಾನು ದಿನಾ ಓಡಾಡುವ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು, ಉಬ್ಬುಗಳೂ ತಗ್ಗಿದ್ದವು, ಇನ್ನೇನು ಅಡ್ಡಿ ಎಂದು ವಾದಿಸಿದೆ. ಅವರು ವದ್ದು ಅನ್ನಲಿಲ್ಲ. ಮತ್ತೆ ಪಕ್ಕದಲ್ಲಿ ಕೂತು ನನ್ನಿಂದ ಗಾಡಿ ಓಡಿಸಿ ನೋಡಿದರು, ಇನ್ನೂರಿಪ್ಪತ್ತೈದು, ನಲವತ್ತರ ಟೈರ್ ಆರಿಸಿದರು, ಹಿಂದಿನದಕ್ಕಿಂತ ಒಂದು ಇಂಚು ಅಗಲದ ರಿಮ್ ತರಿಸಿದರು. ಚಕ್ರ ಕೂರಿಸಿ, ಸ್ಟೀರಿಂಗ್ ತಿರುಗಿಸಿ, ಮಂಡಿಯೂರಿ ಕಿರುಬೆರಳು ತೂರಿಸಿದರು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಇದ್ದರು. ಮೊದಲಿಗಿಂತ ಜಾಸ್ತಿ ಹೊತ್ತು. ಆಮೇಲೆ ತಲೆಯೆತ್ತಿ, ಸಲೀಸಾಗಿದೆ, ಅಂದರು.

ತಿಂಗಳು ಕಳೆದಿರಬಹುದು. ಹೆಂಡತಿಯನ್ನು ಕೂರಿಸಿಕೊಂಡು ಕುರುಡುಮಲೆಗೆ ಹೊರಟಿದ್ದೆ. ತಿರುವುಗಳಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಯಾರದೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಗಣಪತಿ ದೇವಸ್ಥಾನದ ಮುಂದೆ ನಿಲ್ಲಿಸಿದ ಮೇಲೂ ವಾಸನೆ ನಮ್ಮ ಜೊತೆಗೇ ಇತ್ತು. ಹೆಂಡತಿ ಹಣ್ಣುಕಾಯಿ ತೆಗೆದುಕೊಂಡು ಒಳಗೆ ಹೋದಳು. ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿ, ನೆಲದ ಮೇಲೆ ಮಲಗಿ, ಫೋನಿನ ಬೆಳಕು ಬಿಟ್ಟು ನೋಡಿದೆ. ಎಡಗಡೆ ಮುಂದಿನ ಟೈರಿನ ಒಳಪಕ್ಕೆಯಲ್ಲಿ ಸುತ್ತಲೂ ಒಂದು ಗೆರೆ, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಆ ಸಂದಿನಲ್ಲಿ ನನ್ನದೇ ಕಿರುಬೆರಳು ತೂರಿಸಿದೆ. ಮೊದಲ ಗೆಣ್ಣಿಗೇ ಸಿಕ್ಕಿಕೊಂಡಿತು. ಬಲವಂತವಾಗಿ ಒತ್ತಿದೆ. ರಬ್ಬರು ಜಗ್ಗಿ ದಾರಿ ಬಿಟ್ಟಿತು, ಬೆರಳು ಒಳಗೆ ಹೋಯಿತು, ಆದರೆ ಎರಡೂ ಕಡೆಯಿಂದ ಒತ್ತಡ ನೋಯುವಷ್ಟಿತ್ತು. ಅವರ ಬೆರಳೂ ಹೀಗೇ ಹೋಗಿರಬೇಕು. ನೋವು ಮಾತ್ರ ಅವರಿಗೆ ತಿಳಿದಿಲ್ಲ. ದೇವಸ್ಥಾನದ ಒಳಗೆ ಹೋಗಲೂ ಮನಸ್ಸಾಗಲಿಲ್ಲ.

ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ ಅವರ ಅಂಗಡಿ. ನಾನು ಹೋಗಲಿಲ್ಲ. ಮೆಲ್ಲಗೆ ಮನೆಗೆ ಬಂದು, ಶಿವರಾತ್ರಿ ಮುಗಿದ ವಾರ ಹೊಸಕೋಟೆಯ ಒಂದು ಅಂಗಡಿಗೆ ಗಾಡಿ ಒಯ್ದೆ. ಅಲ್ಲಿಯವರು ಮುಂದಿನ ಎರಡೂ ಟೈರ್ ಬದಲಿಸಿ, ಚಕ್ರವನ್ನು ಕೊಂಚ ಹೊರಗೆ ತಳ್ಳುವಂಥ ಒಂದೊಂದು ತೆಳ್ಳನೆಯ ಲೋಹದ ಬಿಲ್ಲೆಯನ್ನು ಚಕ್ರದ ಹಿಂದೆ ಇಟ್ಟುಕೊಟ್ಟರು. ಅರ್ಧ ದಿನದ ಕೆಲಸ. ಯಾರು ಸಾರ್ ಇದನ್ನು ಹಾಕಿದ್ದು, ಜೀವಕ್ಕೇ ಅಪಾಯ ಇತ್ತಲ್ಲ, ಎಂದು ಕೇಳಿದರು. ಗಾಡಿ ಕೊಂಡಾಗಲೇ ಹೀಗಿತ್ತು, ಅಂದೆ. ಮುಳಬಾಗಿಲಿನವರ ಮರ್ಯಾದೆ ಉಳಿಸಿದೆ ಎಂದು ಒಳಗೊಳಗೇ ಬೀಗಿದೆ ಬೇರೆ. ಎಂಥ ದೊಡ್ಡತನ ನನ್ನದು!

ಹೆಂಡತಿಗೆ ಇದು ಹಿಡಿಸಲಿಲ್ಲ.

"ನಮ್ದು ಸರಿಹೋಯ್ತು. ಬೇರೆಯವ್ರ ಗಾಡಿಗೂ ಅದೇ ಬೆರಳು ತಾನೇ ಇಡ್ತಿರೋದು? ನಾಳೇನೇ ಹೋಗಿ ಹೇಳ್ಬಿಡಿ," ಅಂದಳು.

ಹೋಗಲಿಲ್ಲ ಎಂದಲ್ಲ. ಮೂರು ಸಲ ಹೋದೆ. ಮೊದಲ ಭಾನುವಾರ ಅಂಗಡಿಯ ಮುಂದೆ ನಾಲ್ಕು ಗಾಡಿ, ಹತ್ತು ಜನ. ಅವರು ಮಂಡಿಯೂರಿ ಕಣ್ಣು ಮುಚ್ಚಿದ್ದರು, ಜನರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಹೇಳುವುದೇ? ಟೀ ಕುಡಿದು ಬಂದೆ. ಎರಡನೇ ಸಲ ಊರ ಹೊರಗೇ ಗಾಡಿ ನಿಲ್ಲಿಸಿ, ಮಾತು ಹೇಗೆ ಶುರು ಮಾಡುವುದು ಎಂದು ಅರ್ಧ ಗಂಟೆ ಯೋಚಿಸಿ, ಹಾಗೇ ತಿರುಗಿಸಿಕೊಂಡು ಬಂದೆ. ಮೂರನೇ ಸಲ ಅವರೊಬ್ಬರೇ ಇದ್ದರು. ಚಕ್ರ ಹೇಗಿದೆ ಡಾಕ್ಟ್ರೇ ಎಂದು ಅವರೇ ಕೇಳಿದರು. ಬಾಯಿಯ ತುದಿಗೆ ಬಂದಿತ್ತು. ಚೆನ್ನಾಗಿದೆ, ಅಂದೆ. ರಕ್ತ ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದೆ. ಮಾಡಿಸುತ್ತೇನೆ ಅಂದರು. ಅಷ್ಟು ಕೇಳಿದ್ದಕ್ಕೇ ಕರ್ತವ್ಯ ಮುಗಿಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹೊರಟುಬಂದೆ. ಸಮಾಧಾನ ದಾರಿಯಲ್ಲೇ ಕರಗಿತು. ಆಮೇಲಿನ ದಿನಗಳಲ್ಲಿ ಸುಮ್ಮನೆ ಕೂತರೂ ಕೆಟ್ಟದ್ದು, ಓಡಾಡಿದರೂ ಕೆಟ್ಟದ್ದು. ಗಾಡಿ ಹತ್ತಿದರೆ ಮುಳಬಾಗಿಲಿನ ದಾರಿ ಬಿಟ್ಟು ಬೇರೆ ಎಲ್ಲ ದಾರಿಗಳಲ್ಲೂ ಸುತ್ತುತ್ತಿದ್ದೆ.

ಮಾವಿನ ಸುಗ್ಗಿಯಲ್ಲಿ ಆ ಸುದ್ದಿ ಬಂತು. ಯಲ್ದೂರಿನ ಮಾವಿನ ತೋಟದವರೊಬ್ಬರು ತಮ್ಮ ಜೀಪಿನಂಥ ದೊಡ್ಡ ಗಾಡಿಗೆ ಅಗಲದ ಚಕ್ರ ಹಾಕಿಸಿದ್ದರು. ಶ್ರೀನಿವಾಸಪುರದಿಂದ ತಾಯಿಯನ್ನು ಕರೆದುಕೊಂಡು ಬರುವಾಗ ಮುಂದಿನ ಟೈರು ಒಡೆದು, ಗಾಡಿ ರಸ್ತೆ ಬಿಟ್ಟು ಹುಣಸೆ ಮರಕ್ಕೆ ಗುದ್ದಿತು. ಪುಣ್ಯಕ್ಕೆ ಜೀವಗಳು ಉಳಿದವು. ತಾಯಿಯ ತೊಡೆಯ ಮೂಳೆ ಮಾತ್ರ ಮುರಿಯಿತು. ಎಪ್ಪತ್ತು ದಾಟಿದ ಹೆಂಗಸು, ಈಗಲೂ ಇನ್ನೊಬ್ಬರ ಆಸರೆಯಿಲ್ಲದೆ ಬಚ್ಚಲಿಗೆ ಹೋಗಲಾರರು. ಸುದ್ದಿ ಹೇಳಿದ್ದು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಳ್ಳಲು ಬಂದಿದ್ದ ಒಬ್ಬ ರೋಗಿ. ಒಳಗಡೆ ಉಜ್ಜಿ ಒಡೆದಿದ್ದಂತೆ ಸಾರ್, ಎಂದು ಆತ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಆ ಯಲ್ದೂರಿನವರು ಜಗಳಕ್ಕೆ ಬರಲಿಲ್ಲವಂತೆ. ಒಡೆದ ಟೈರನ್ನು ತಂದು ಅಂಗಡಿಯ ಮುಂದೆ ಇಟ್ಟು, ನೋಡಿ ಎಂದಷ್ಟೇ ಹೇಳಿದರಂತೆ. ಇದನ್ನು ನನಗೆ ಆಮೇಲೆ ಹೇಳಿದ್ದು ಮಗಳು. ಅವಳ ಅಪ್ಪ ಅದರ ಒಳಪಕ್ಕೆಯ ಮೇಲೆ ಬೆರಳಾಡಿಸಿದರು. ಮತ್ತೆ ಆಡಿಸಿದರು. ಆಮೇಲೆ ಮಗಳನ್ನು ಕರೆದು, ಇಲ್ಲಿ ಗೆರೆ ಇದೆಯಾ ನೋಡಮ್ಮ ಎಂದು ಕೇಳಿದರು. ಹೆಬ್ಬೆರಳು ಹೂತುಹೋಗುವಷ್ಟು ಆಳದ ಗೆರೆ ಅದು. ಮಗಳು ಇದೆ ಎಂದು ಹೇಳಲಾರದೆ ಅಳುವುದಕ್ಕೆ ಶುರು ಮಾಡಿದಳಂತೆ.

ಅವತ್ತಿನಿಂದ ಅವರು ಹೊಸ ಕೆಲಸ ಹಿಡಿಯಲಿಲ್ಲ. ಹಿಂದಿನ ಒಂದು ವರ್ಷದಲ್ಲಿ ತಾವು ಚಕ್ರ ಬದಲಿಸಿದ್ದ ಗಾಡಿಯವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಕರೆಸಿ, ಪ್ರತಿ ಚಕ್ರ ಬಿಚ್ಚಿ ನೋಡಿದರು. ನನಗೂ ಬಂತು ಆ ಫೋನ್. ನನ್ನ ಕೆಲಸದಲ್ಲಿ ತಪ್ಪಾಗಿರಬಹುದು ಡಾಕ್ಟ್ರೇ, ಒಂದ್ಸಲ ಗಾಡಿ ತನ್ನಿ, ಅಂದರು. ನನ್ನದು ಸರಿಯಾಗಿದೆ, ತೊಂದರೆ ತಗೋಬೇಡಿ, ಅಂದೆ. ಅವರು ಕೇಳಲಿಲ್ಲ.

ಮಾರನೇ ದಿನವೇ ಹೋದೆ. ಇವತ್ತು ಎಲ್ಲ ಹೇಳಿಬಿಡುತ್ತೇನೆ ಎಂದೇ ಹೋಗಿದ್ದೆ. ಇಳಿದು ಬಾಯಿ ತೆರೆಯುವುದರೊಳಗೆ ಜಾಕ್ ಏರಿತ್ತು. ಈ ಸಲ ಮಗಳ ಕೈಯಲ್ಲಿ ಸ್ಟೀಲ್ ಅಳತೆಪಟ್ಟಿ, ಅವರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಒಂದು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾಗಿಹೋದವರ ಹಾಗಿದ್ದರು. ಮಗಳು ಮುಂದಿನ ಎಡಗಡೆ ಚಕ್ರ ಬಿಚ್ಚಿದಳು. ಅದರ ಹಿಂದೆ ಆ ತೆಳ್ಳನೆಯ ಬಿಲ್ಲೆ. ಅವಳು ಅಪ್ಪನ ಕಡೆ ನೋಡಿದಳು. ಅವರು ಬಗ್ಗಿ ಅದನ್ನು ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದು ನಾನು ಹಾಕಿದ್ದಲ್ಲ," ಅಂದರು.

ಹೊಸಕೋಟೆಯಲ್ಲಿ ಹಾಕಿಸಿದೆ, ಅಂದೆ.

"ಯಾವಾಗ?"

ಹೋದ ವಾರ ಅಂದುಬಿಡಬಹುದಿತ್ತು. ಆಕ್ಸಿಡೆಂಟ್ ಸುದ್ದಿ ಕೇಳಿ ಹೆದರಿ ಹಾಕಿಸಿದೆ ಅಂದಿದ್ದರೆ ಅವರು ನಂಬುತ್ತಿದ್ದರು. ಅಷ್ಟು ಹೊತ್ತೂ ನನ್ನ ತಲೆ ಅದೇ ಸುಳ್ಳನ್ನು ಜೋಡಿಸುತ್ತಿತ್ತು. ಆದರೆ ಅವರ ಮುಖ ನೋಡಿಕೊಂಡು ನನ್ನಿಂದ ಆಗಲಿಲ್ಲ. ಶಿವರಾತ್ರಿ ಆದ ವಾರ, ಅಂದೆ.

ಅವರು ಏನನ್ನೋ ಹಿಂದಕ್ಕೆ ಎಣಿಸುತ್ತಾ ನಿಂತರು. ಅವರು ಏನನ್ನು ಎಣಿಸುತ್ತಿದ್ದಾರೆಂದು ನನಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

"ಯಲ್ದೂರ್ ಗಾಡಿಗೆ ನಾನು ಬೆರಳಿಟ್ಟಿದ್ದು ಯುಗಾದಿ ಆದ್ಮೇಲೆ," ಅಂದರು.

ನಾನು ತಲೆ ತಗ್ಗಿಸಿದೆ. ನಿಮಗೆ ನೋವಾಗುತ್ತದೆ ಎಂದು ಹೇಳಲಿಲ್ಲ, ಎಂದು ಏನೋ ತೊದಲಿದೆ. ಮೂರು ಸಲ ಬಂದಿದ್ದೆ ಎಂದೂ ಹೇಳಿದೆ. ಹೇಳುತ್ತಿದ್ದ ಹಾಗೇ ಅದು ಎಷ್ಟು ನಾಚಿಕೆಗೇಡಿನ ಮಾತು ಎಂದು ನನಗೇ ಕೇಳಿಸಿತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಿಲ್ಲೆಯನ್ನು ಒರೆಸಿ ಮಗಳ ಕೈಗೆ ಕೊಟ್ಟು, ಸರಿಯಾಗಿ ಮಾಡಿದ್ದಾರೆ, ಹಾಗೇ ಹಾಕಮ್ಮ, ಅಂದರು. ಅವಳು ಚಕ್ರ ಕೂರಿಸಿ ಒಂದೊಂದೇ ನಟ್ ಬಿಗಿ ಮಾಡಿದಳು. ಗಾಡಿ ನೆಲಕ್ಕಿಳಿದ ಮೇಲೆ ಕೀ ತಂದು ನನ್ನ ಕೈಗಿಟ್ಟರು.

"ನೀವು ಹೇಳಿದ್ದಿದ್ರೆ ನಂಗೆ ಒಂದು ದಿನ ಊಟ ಸೇರ್ತಿರ್ಲಿಲ್ಲ ಡಾಕ್ಟ್ರೇ," ಅಂದರು. "ಒಂದೇ ದಿನ."